ಕೋಳಿ, ಟರ್ಕಿ ಮತ್ತು ಮೂರನೇ ಸಾಕ್ಷಿ

ಹಕ್ಕಿಗಳ ಕ್ರೋಮೋಸೋಮ್ (ಜೀವಕೋಶದೊಳಗೆ ಜೀನ್‌ಗಳನ್ನ ಹೊತ್ತಿರೋ ಡಿಎನ್‌ಎ ಎಳೆಗಳು) ವಿಷ್ಯ ಓದೋಕೆ ಕೂತ್ರೆ ನಂಗೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಕೋಳೀದು ಒಟ್ಟು 78, ಅಂದ್ರೆ 39 ಜೋಡಿ, ಅದ್ರಲ್ಲಿ ದೊಡ್ಡವು ಬೆರಳೆಣಿಕೆಯಷ್ಟು, ಮಿಕ್ಕಿದ್ದೆಲ್ಲ ಮೈಕ್ರೋಕ್ರೋಮೋಸೋಮ್ ಅನ್ನೋ ಪುಟಾಣಿಗಳು, ಮೈಕ್ರೋಸ್ಕೋಪ್‌ನಲ್ಲಿ ಬರೀ ಚುಕ್ಕಿ ಥರ ಕಾಣ್ತವೆ. ಆದ್ರೆ ಜೀನ್‌ಗಳು ಒತ್ತೊತ್ತಾಗಿ ತುಂಬಿರೋದು ಆ ಚುಕ್ಕಿಗಳಲ್ಲೇ, ಹಾಗಾಗಿ ಸಣ್ಣವು ಅಂತ ಕಡೆಗಣಿಸೋ ಹಾಗಿಲ್ಲ.

ಟರ್ಕಿ ಕೋಳಿ ಇದರ ಹತ್ತಿರದ ನೆಂಟ. ಕೋಳಿಯ 4ನೇ ಕ್ರೋಮೋಸೋಮಿನ ಡಿಎನ್‌ಎಗೆ ಹೊಳೆಯೋ ಬಣ್ಣ ಅಂಟಿಸಿ, ಟರ್ಕಿಯ ಕ್ರೋಮೋಸೋಮ್ ಹರಡಿರೋ ಸ್ಲೈಡ್ ಮೇಲೆ ಬಿಟ್ರೆ, ಅದು ತನಗೆ ಹೊಂದೋ ಡಿಎನ್‌ಎ ಹುಡುಕ್ಕೊಂಡು ಒಂದು ಜೋಡಿಗಲ್ಲ, ಎರಡು ಜೋಡಿಗೆ ಹೋಗಿ ಕೂರತ್ತೆ: ಟರ್ಕಿಯ 4 ಮತ್ತು 9. ಕೋಳಿಯ 2ನೇದೂ ಅಷ್ಟೇ, ಟರ್ಕಿಯಲ್ಲಿ ಅದು 3 ಮತ್ತು 6. ಇಲ್ಲೇ ನೋಡಿ ಮಜಾ ಇರೋದು. ಇವೆರಡನ್ನೇ ಪಕ್ಕಪಕ್ಕ ಇಟ್ಕೊಂಡು ಎಷ್ಟು ನೋಡಿದ್ರೂ ಕೋಳಿಯಲ್ಲಿ ಕೂಡ್ಕೊಂಡಿದ್ದಾ, ಟರ್ಕಿಯಲ್ಲಿ ಮುರಿದಿದ್ದಾ ಅಂತ ಗೊತ್ತೇ ಆಗಲ್ಲ, ಅದಕ್ಕೆ ಸ್ವಲ್ಪ ದೂರದ ಇನ್ನೊಂದು ಹಕ್ಕಿ ಸಾಕ್ಷಿ ಹೇಳ್ಬೇಕು.

ಆಸ್ಟ್ರೇಲಿಯಾ ಮೂಲದ ಪುಟ್ಟ ಹಾಡುಹಕ್ಕಿ ಜೀಬ್ರಾ ಫಿಂಚ್ ತಗೊಳ್ಳಿ. ಕೋಳಿಯ 4ನೇದು ಅದರಲ್ಲಿ 4 ಮತ್ತು 4ಎ ಅಂತ ಬೇರೆ ಬೇರೆ ಇವೆ, ಹಾರಲಾರದ ದೊಡ್ಡ ಹಕ್ಕಿ ಎಮುನಲ್ಲೂ ಹಾಗೇನೇ, ಅಂದ್ಮೇಲೆ ಬೇರೆ ಬೇರೆ ಇರೋದೇ ಹಳೇ ರೂಪ, ಕೋಳಿಯ ಕಡೆ ಒಂದು ಸಣ್ಣದು ಬಂದು ದೊಡ್ಡದಕ್ಕೆ ಅಂಟ್ಕೊಂಡಿದೆ. ಅಂಟ್ಕೊಂಡಿರೋ ಆ ಗಿಡ್ಡ ತೋಳಿನಲ್ಲಿ (ಕ್ರೋಮೋಸೋಮಿನ ಚಿಕ್ಕ ಭಾಗ) ಇವತ್ತಿಗೂ ಜೀನ್‌ಗಳ ದಟ್ಟಣೆ ಮೈಕ್ರೋ ಥರಾನೇ ಇದೆ, ಹಳೇ ಗುಣ ಬಿಟ್ಟಿಲ್ಲ! 2ನೇದಕ್ಕೆ ಉತ್ತರ ಉಲ್ಟಾ: ಫಿಂಚ್‌ನಲ್ಲೂ ಅದು ಇಡಿಯಾಗೇ ಇದೆ, ಹಾಗಾಗಿ ಅದನ್ನ ಮುರ್ಕೊಂಡಿರೋದು ಟರ್ಕಿ. ಸಾಕ್ಷಿ ಹೇಳೋಕೆ ಬಂದ ಫಿಂಚ್ ಕೂಡ ಏನೂ ಬದಲಾಗದೆ ಉಳಿದಿಲ್ಲ, ಕೋಳಿಯ 1ನೇದು ಫಿಂಚ್‌ನಲ್ಲಿ 1 ಮತ್ತು 1ಎ ಆಗಿ ಒಡೆದಿದೆ. ಅದಕ್ಕೇ ಒಂದು ಹಕ್ಕಿಯನ್ನೇ ಹಳೇ ಮಾದರಿ ಅಂತ ಹಿಡ್ಕೊಂಡು ಕೂರಬಾರದು, ಒಂದೊಂದು ಕ್ರೋಮೋಸೋಮಿಗೂ ಬೇರೆ ಬೇರೆಯಾಗಿ ಕೇಳ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಇಷ್ಟಾದ್ರೂ ಇವೆಲ್ಲ ಅಲ್ಲೊಂದು ಇಲ್ಲೊಂದು ಬದಲಾವಣೆ, ಫಿಂಚ್‌ದು 80, ಕೋಳಿಗೂ ಅದಕ್ಕೂ ಎರಡೇ ವ್ಯತ್ಯಾಸ. ನಿಜವಾಗ್ಲೂ ತಲೆಕೆಳಗು ಮಾಡಿರೋದು ಪೆರೆಗ್ರಿನ್ ಫಾಲ್ಕನ್ ಅನ್ನೋ ಬೇಟೆ ಹಕ್ಕಿ. ಅದು ವಂಶದಲ್ಲಿ ಹದ್ದುಗಳಿಗಿಂತ ಗಿಳಿಗಳಿಗೆ, ಫಿಂಚ್‌ಗಳಿಗೆ ಹತ್ತಿರ, ಆದ್ರೆ ಸಂಖ್ಯೆ ಬರೀ 50, ಯಾಕಂದ್ರೆ ಬಹಳಷ್ಟು ಪುಟಾಣಿಗಳು ಹೋಗಿ ಬೇರೆ ಕ್ರೋಮೋಸೋಮ್‌ಗಳ ಜೊತೆ ಸೇರ್ಕೊಂಡಿವೆ.