ಹತ್ತೊಂಬತ್ತನೇ ಪ್ರಶ್ನೆ

ನವೆಂಬರ್ 16, 2024, ಶನಿವಾರ ರಾತ್ರಿ
ಡರ್ಹಾಮ್, ನಾರ್ತ್ ಕೆರೊಲಿನಾ

ಹತ್ತೊಂಬತ್ತನೇ ಪ್ರಶ್ನೆಯಲ್ಲಿದ್ದಾಗ ಅಮ್ಮನ ಫೋನ್ ಬಂತು. ಕಟ್ ಮಾಡಿದೆ.

ನಾನು ಪಿಎ, ಅಂದರೆ ಫಿಜಿಷಿಯನ್ ಅಸಿಸ್ಟೆಂಟ್. ನನ್ನ ಸರ್ಟಿಫಿಕೇಟ್ ಉಳಿಸಿಕೊಳ್ಳೋಕೆ ಬರೆಯುವ ಪರೀಕ್ಷೆ ಇದು. ಒಂದು ಪ್ರಶ್ನೆಗೆ ಐದು ನಿಮಿಷ. ಪುಸ್ತಕ ತೆರೆದು ನೋಡಬಹುದು, ಇಂಟರ್‌ನೆಟ್ಟಿನಲ್ಲಿ ಹುಡುಕಬಹುದು. ಆದರೆ ಇನ್ನೊಬ್ಬರನ್ನು ಕೇಳುವ ಹಾಗಿಲ್ಲ, ಪ್ರಶ್ನೆ ಏನಿತ್ತು ಅಂತ ಹೊರಗೆ ಹೇಳುವ ಹಾಗೂ ಇಲ್ಲ. ಮೂರು ತಿಂಗಳಿಗೊಮ್ಮೆ 25 ಪ್ರಶ್ನೆ. ಇದು ನನ್ನ ಎಂಟನೇ ಕಂತು. ಇಡೀ ದಿನ ಪರೀಕ್ಷಾ ಕೇಂದ್ರದಲ್ಲಿ ಕೂತು 240 ಪ್ರಶ್ನೆ ಬರೆಯುವ ಬದಲು ಈ ದಾರಿ ಆರಿಸಿಕೊಂಡೆ. ಮಕ್ಕಳು ಮಲಗಿದ ಮೇಲೆ ಊಟದ ಮೇಜಿನ ಮೇಲೇ ಬರೆಯಬಹುದಲ್ಲ ಅಂತ.

ಹತ್ತೊಂಬತ್ತನೆಯದು ತಪ್ಪಾಯಿತು. ಉತ್ತರ ಒತ್ತಿದ ತಕ್ಷಣ ಸರಿಯೋ ತಪ್ಪೋ ಹೇಳಿಬಿಡುತ್ತಾರೆ, ಯಾಕೆ ಅಂತ ವಿವರಣೆಯನ್ನೂ ಕೊಡುತ್ತಾರೆ. ಅದನ್ನು ಓದುತ್ತಿದ್ದಾಗ ಮತ್ತೆ ಫೋನ್. ಹಾಸನದಲ್ಲಿ ಆಗ ಬೆಳಗ್ಗೆ ಏಳೂವರೆ. ಇಷ್ಟು ಬೇಗ ಎರಡು ಸಲ ಮಾಡುವವಳಲ್ಲ ಅಮ್ಮ.

"ಏನೇ, ಫೋನ್ ಎತ್ತೋಕೂ ಪುರುಸೊತ್ತಿಲ್ವಾ?"

"ಪರೀಕ್ಷೆ ಅಮ್ಮ."

"ಇನ್ನೂ ಎಷ್ಟು ಪರೀಕ್ಷೆ ಬರೀತೀಯೇ? ಪಾಸಾಗಿ ಎಂಟು ವರ್ಷ ಆಯ್ತಲ್ಲ!"

ಹೌದು, 2016ರಲ್ಲಿ. 300 ಪ್ರಶ್ನೆ, ಅರವತ್ತರಂತೆ ಐದು ಭಾಗ. ಆವತ್ತು ಹೊರಗೆ ಬಂದಾಗ ಕಾರಿನ ಕೀ ಕೈಯಲ್ಲೇ ಇಟ್ಟುಕೊಂಡು ಬ್ಯಾಗೆಲ್ಲ ಹುಡುಕಿದ್ದೆ. ಪಾಸಾದ ಮೇಲೆ ಬ್ಯಾಡ್ಜಿನಲ್ಲಿ ಹೆಸರಿನ ಮುಂದೆ 'ಪಿಎ-ಸಿ' ಅಂತ ಬಂತು, 'ಸಿ' ಅಂದರೆ ಸರ್ಟಿಫೈಡ್. ಆ 'ಸಿ' ಒಂದು ಅಕ್ಷರ ಉಳಿಸಿಕೊಳ್ಳೋಕೆ ಎರಡು ವರ್ಷಕ್ಕೊಮ್ಮೆ 100 ಗಂಟೆ ಕಲಿಕೆಯ ಲೆಕ್ಕ ಕೊಡಬೇಕು, ಹತ್ತು ವರ್ಷದೊಳಗೆ ಮತ್ತೆ ಪರೀಕ್ಷೆ. ಈ ಸಲದ ಗಡುವು ಡಿಸೆಂಬರ್ 31. ನನ್ನದು ಇನ್ನೂ 12 ಗಂಟೆ ಬಾಕಿ ಇದೆ.

ಅಮ್ಮನಿಗೆ ನನ್ನ ಕೆಲಸ ಏನು ಅಂತ ಹೇಳಿಕೊಡೋದೇ ಕಷ್ಟವಾಗಿತ್ತು. ಡಾಕ್ಟರಲ್ಲ, ನರ್ಸಲ್ಲ. ರೋಗಿಯನ್ನು ನೋಡುತ್ತೀನಿ, ಔಷಧಿ ಬರೆಯುತ್ತೀನಿ, ಡಾಕ್ಟರ ಜೊತೆಗೆ ಕೆಲಸ ಮಾಡುತ್ತೀನಿ ಅಂದರೆ, "ಹಾಗಾದ್ರೆ ಕಾಂಪೌಂಡರ್" ಅಂದಿದ್ದಳು. ಆವತ್ತು ತುಂಬಾ ನೋವಾಗಿತ್ತು. ಈ ವೃತ್ತಿ ಶುರುವಾದದ್ದೇ ನಾನಿರುವ ಈ ಊರಿನಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದಲ್ಲಿ. 1965ರಲ್ಲಿ ಡಾ. ಯೂಜೀನ್ ಸ್ಟೆಡ್ ನೌಕಾಪಡೆಯ ದವಾಖಾನೆಗಳಲ್ಲಿ ಪಳಗಿದ ನಾಲ್ವರನ್ನು ಸೇರಿಸಿಕೊಂಡು ಶುರುಮಾಡಿದ್ದು. 1967ರಲ್ಲಿ ಮೂವರು ಓದು ಮುಗಿಸಿದರು. ಆ ಕಟ್ಟಡಗಳ ಮುಂದೆ ಹೋಗುವಾಗೆಲ್ಲ ನನಗೆ ಹೆಮ್ಮೆ ಆಗುತ್ತದೆ. ಅಮ್ಮನಿಗೆ ಇದನ್ನೂ ಹೇಳಿದ್ದೆ. "ಸರಿ, ದೊಡ್ಡ ಕಾಂಪೌಂಡರ್" ಅಂದಳು.

ಆದರೆ ಈವತ್ತು ಅವಳು ಫೋನ್ ಮಾಡಿದ್ದು ಬೇರೆಯದಕ್ಕೆ. ದನಿ ಸಣ್ಣಗಿತ್ತು.

"ನಿನ್ನೆಯಿಂದ ಕಾಲಲ್ಲಿ ಶಕ್ತೀನೇ ಇಲ್ಲ ಕಣೇ. ಬಚ್ಚಲಿಗೆ ಹೋಗೋಕೆ ಗೋಡೆ ಹಿಡ್ಕೋಬೇಕು."

ಜ್ವರ ಇದೆಯಾ? ಇಲ್ಲ. ಊಟ? ಅಷ್ಟಕ್ಕಷ್ಟೆ. ಹೊಸದಾಗಿ ಏನಾದ್ರೂ ಮಾತ್ರೆ ತಗೊಂಡೆಯಾ?

"ಉರಿಮೂತ್ರ ಆಗಿತ್ತಲ್ಲ, ಹೋದ ವರ್ಷದ ಚೀಟೀನೇ ಕೊಟ್ಟು ಮೆಡಿಕಲ್ಸಿಂದ ತರಿಸ್ಕೊಂಡೆ. ಐದು ದಿನ ಆಯ್ತು."

ವಿಡಿಯೋ ಹಾಕಿಸಿದೆ. ಅಮ್ಮ ಮಾತ್ರೆಯ ಹಾಳೆಯನ್ನು ಕ್ಯಾಮೆರಾಕ್ಕೆ ಅಂಟಿಸಿದಳು. ಬರೀ ಬೆಳ್ಳಿ ಬಣ್ಣ. ಹಿಂದೆ ಹಿಡಿ ಅಮ್ಮ, ಇನ್ನೂ ಸ್ವಲ್ಪ ಹಿಂದೆ. ಅರ್ಧ ಕತ್ತರಿಸಿದ ಹಾಳೆ, ಹೆಬ್ಬೆರಳ ಪಕ್ಕ 'ಟ್ರೈಮೆಥೊ' ಅಂತ ಓದೋಕೆ ಆಯಿತು. ಟ್ರೈಮೆಥೊಪ್ರಿಮ್, ಉರಿಮೂತ್ರಕ್ಕೆ ಕೊಡುವ ಆಂಟಿಬಯೋಟಿಕ್. ನನ್ನ ಎದೆ ಧಸಕ್ಕೆಂದಿತು. ಅಮ್ಮ ಬಿಪಿಗೆ ಟೆಲ್ಮಿಸಾರ್ಟಾನ್ ತಗೊಳ್ಳುತ್ತಾಳೆ. ಎರಡೂ ಪೊಟ್ಯಾಸಿಯಮ್ಮನ್ನು ಮೂತ್ರದಲ್ಲಿ ಹೊರಗೆ ಹೋಗೋಕೆ ಬಿಡೋದಿಲ್ಲ. ವಯಸ್ಸಾದವರಿಗೆ ಎರಡೂ ಒಟ್ಟಿಗೆ ಬಿದ್ದರೆ ರಕ್ತದಲ್ಲಿ ಅದು ಏರಿಬಿಡಬಹುದು. ಜಾಸ್ತಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ.

"ಎಳನೀರು ಕುಡೀತಿದ್ದೀಯಾ?"

"ದಿನಾ ಎರಡು. ಉರಿಮೂತ್ರಕ್ಕೆ ಒಳ್ಳೇದಲ್ವಾ?"

ಎಳನೀರಲ್ಲೂ ಪೊಟ್ಯಾಸಿಯಮ್ಮೇ.

ನಾನು ದಿನಾ ನೋಡೋದು ಮಂಡಿ ಮತ್ತು ಸೊಂಟ. ಮೂಳೆ ವಿಭಾಗಕ್ಕೆ ಬಂದು ಆರು ವರ್ಷ. ಮಂಡಿ ನೋಡುವವಳಿಗೆ ಕಿಡ್ನಿ, ಥೈರಾಯ್ಡ್, ಮಕ್ಕಳ ದಡಾರ ಎಲ್ಲ ಯಾಕೆ ಕೇಳುತ್ತಾರೆ ಅಂತ ಎಷ್ಟು ಸಲ ಗೊಣಗಿದ್ದೀನೋ. ಅಕ್ಟೋಬರ್‌ನಲ್ಲಿ ಬರೀ ಗಂಟೆ ಭರ್ತಿ ಮಾಡೋಕೆ ಅಂತ ಒಂದು ಉಪನ್ಯಾಸ ಕೇಳಿದ್ದೆ, ಬಟ್ಟೆ ಮಡಚುತ್ತಾ. ವಯಸ್ಸಾದವರಲ್ಲಿ ಒಂದಕ್ಕೊಂದು ಹೊಂದದ ಮಾತ್ರೆಗಳ ಬಗ್ಗೆ. ಈ ಎರಡು ಹೆಸರೂ ಅದರಲ್ಲಿದ್ದವು. ಓದುವಾಗ ಕಲಿತದ್ದೇ. ಆದರೆ ಆ ಒಂದು ಗಂಟೆ ಕೇಳದೇ ಇದ್ದಿದ್ದರೆ, "ವಯಸ್ಸಾಯ್ತಲ್ಲಮ್ಮ, ರೆಸ್ಟ್ ತಗೋ" ಅಂದುಬಿಡುತ್ತಿದ್ದೆನಾ? ಅಂದುಬಿಡುತ್ತಿದ್ದೆ ಅಂತ ಅನ್ನಿಸಿ ಈಗಲೂ ಕೈ ನಡುಗುತ್ತಿದೆ.

ತಮ್ಮನಿಗೆ ಫೋನ್ ಮಾಡಿದೆ. ಭಾನುವಾರ ಲ್ಯಾಬ್ ತೆರೆದಿರುತ್ತಾ ಅಕ್ಕ ಅಂದ. ಲ್ಯಾಬ್ ಬೇಡ ಕಣೋ, ಸೀದಾ ಆಸ್ಪತ್ರೆಗೆ ಹೋಗು, ಎಮರ್ಜೆನ್ಸಿಗೆ. ಇಸಿಜಿ ಮಾಡಿಸು, ಪೊಟ್ಯಾಸಿಯಮ್ ನೋಡಿಸು, ಎರಡೂ ಮಾತ್ರೆ ಹಾಳೆ ಡಾಕ್ಟರಿಗೆ ತೋರಿಸು. ಈಗಲೇ ಹೊರಡು. ಅಮ್ಮ ಹಿಂದಿನಿಂದ "ತಿಂಡಿ ತಿಂದು ಹೋಗೋಣ ಇರೋ" ಅನ್ನುತ್ತಿದ್ದಳು.

ಹೊರಟು ನಲವತ್ತು ನಿಮಿಷ ಆಯಿತು. ಇನ್ನೂ ಆರು ಪ್ರಶ್ನೆ ಬಾಕಿ. ಈವತ್ತು ಆಗೋದಿಲ್ಲ, ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಬ್ಯಾಡ್ಜ್ ಇಲ್ಲೇ ಮೇಜಿನ ಮೇಲೆ ಬಿದ್ದಿದೆ, ಅದರ ಪಕ್ಕ ಫೋನ್.

ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ನೋಡಿಸು ಅಂತ ಹೇಳಿದೆನಾ ಅವನಿಗೆ? ಪೊಟ್ಯಾಸಿಯಮ್ ಅಂದದ್ದು ನೆನಪಿದೆ. ಕ್ರಿಯಾಟಿನಿನ್...