ಸ್ಪೇರ್ ಕೀ ಕೈಯಲ್ಲಿದ್ದೂ ತೆರೆಯದ ಬಾಗಿಲು

"ಬೀಗ ತೆಗೆದವರ ಬಿಲ್ಲನ್ನು ಗೆಸ್ಟ್ ಕೊಟ್ಟ ಠೇವಣಿಯಲ್ಲಿ ಮುರಿದುಕೊಳ್ಳಿ." ಆಫೀಸಿನಿಂದ ಬಂದ ಮೇಲ್‌ನಲ್ಲಿ ಇದ್ದದ್ದು ಇಷ್ಟೇ. ಅವತ್ತು ಮೆಟ್ಟಿಲ ಮೇಲೆ ಏನಾಯಿತು, ಯಾಕಾಯಿತು ಎಂದು ಒಬ್ಬರೂ ಕೇಳಿರಲಿಲ್ಲ. ನಾನು ಮುರಿದುಕೊಳ್ಳಲಿಲ್ಲ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ. ಸರ್ವಿಸ್ ಅಪಾರ್ಟ್‌ಮೆಂಟ್, ಹೋಮ್‌ಸ್ಟೇ ನಡೆಸುವವರಿಗೂ, ರಜೆಗೆಂದು ಪ್ಯಾರಿಸ್‌ಗೆ ಬಂದು ಮನೆ ಹಿಡಿಯುವ ನಮ್ಮವರಿಗೂ ಉಪಯೋಗಕ್ಕೆ ಬಂದೀತು.

ನನ್ನ ಕೆಲಸ ಪ್ಯಾರಿಸ್‌ನ 18ನೇ ವಿಭಾಗದಲ್ಲಿ, ಮೊಂಮಾರ್ತ್ರ ಗುಡ್ಡದ ಮೇಲೆ. ಮಾಲೀಕರು ಊರಲ್ಲಿಲ್ಲದಾಗ ಅವರ ಸಜ್ಜಾದ ಮನೆಗಳನ್ನು ಪ್ರವಾಸಿಗರಿಗೆ ಕೊಡುವ ಕಂಪನಿಯಲ್ಲಿ ಚೆಕ್-ಇನ್, ಟರ್ನೋವರ್ (ಒಬ್ಬರು ಹೋಗಿ ಇನ್ನೊಬ್ಬರು ಬರುವ ಮುಂಚೆ ಮನೆ ಅಣಿಮಾಡುವುದು), ಲಿನನ್, ರಾತ್ರಿಯ ಫೋನು ಎಲ್ಲ ನಮ್ಮ ಸಣ್ಣ ತಂಡದ್ದೇ. ಬರುವವರು ಬರುವುದು ಚಿತ್ರಕಾರರ ಹೆಸರು ಕೇಳಿ. ರೆನ್ವಾ 1876ರಲ್ಲಿ ಕೆಲಸ ಮಾಡಿದ ರ‍್ಯೂ ಕೊರ್ತೋ ಎಂಬ ಬೀದಿಯ ಮನೆ ಈಗ ಮ್ಯೂಸಿಯಂ. ವಾನ್ ಗೋ ತಮ್ಮ ತೇಓ ಜೊತೆ 1886ರಿಂದ 1888ರವರೆಗೆ ಇದ್ದದ್ದು ರ‍್ಯೂ ಲೆಪಿಕ್‌ನ 54ನೇ ನಂಬರಿನಲ್ಲಿ. ಪಿಕಾಸೋ 1904ರಲ್ಲಿ ಬಾತೋ-ಲವ್ವಾರ್ ಎಂಬ ಮರದ ಕಟ್ಟಡದಲ್ಲಿ ಬಿಡಾರ ಹೂಡಿದ. ಇವೆಲ್ಲ ನಮ್ಮ ಆಫೀಸಿನ ಸ್ವಾಗತ ಪಿಡಿಎಫ್‌ನಲ್ಲಿ ಚೆಂದದ ಫೋಟೋಗಳ ಜೊತೆ ಇವೆ. ಬಾಗಿಲಿನ ಬಗ್ಗೆ ಇರುವುದು ಕೊನೇ ಪುಟದಲ್ಲಿ, ಕಸದ ಡಬ್ಬಿಯ ಬಣ್ಣಗಳ ಕೆಳಗೆ.

ಆದರೆ ಇಲ್ಲಿ ಗೆಸ್ಟ್‌ಗೆ ಮೊದಲು ಗೊತ್ತಿರಬೇಕಾದದ್ದು ಬಾಗಿಲೇ. 1860ರವರೆಗೆ ಪ್ಯಾರಿಸ್‌ನ ಹೊರಗಿದ್ದ ಊರು ಇದು. ಹಳೇ ಕಟ್ಟಡಗಳಲ್ಲಿ ಮೆಟ್ಟಿಲ ಸುರುಳಿ ಎಷ್ಟು ಕಿರಿದು ಎಂದರೆ ಲಿಫ್ಟ್ ಕೂರಿಸಲು ಜಾಗವೇ ಇಲ್ಲ. ಮೆಟ್ಟಿಲ ದೀಪ ಒಂದೆರಡು ನಿಮಿಷಕ್ಕೆ ತಾನೇ ಆರುತ್ತದೆ. ಮನೆ ಬಾಗಿಲಿಗೆ ಹೊರಗಡೆ ತಿರುಗುವ ಹಿಡಿಕೆಯಿಲ್ಲ, ಎಳೆದುಕೊಳ್ಳಲು ಒಂದು ಗುಂಡು ಹಿಡಿ ಮಾತ್ರ. ಗಾಳಿಗೆ ಬಡಿದುಕೊಂಡರೆ ಸಾಕು, ಕೀ ಇಲ್ಲದೆ ಒಳಗೆ ಹೋಗುವಂತಿಲ್ಲ. ಇನ್ನೂ ಒಂದಿದೆ: ಬೀಗದ ಸಿಲಿಂಡರ್, ಅಂದರೆ ಕೀ ತೂರಿಸುವ ಭಾಗ, ಹಳೇದಾಗಿದ್ದು ಒಳಗಡೆ ಕೀ ಸಿಕ್ಕಿಸಿಟ್ಟಿದ್ದರೆ, ಹೊರಗಿನಿಂದ ಇನ್ನೊಂದು ಕೀ ಪೂರ್ತಿ ಒಳಗೆ ಹೋಗುವುದೇ ಇಲ್ಲ.

ಮೊದಲೆಲ್ಲ ಇದನ್ನು ಬಾಗಿಲಲ್ಲೇ ನಿಂತು ತೋರಿಸಿಕೊಡುತ್ತಿದ್ದೆವು. 2025ರಿಂದ ಪ್ಯಾರಿಸ್‌ನಲ್ಲಿ ಸ್ವಂತ ವಾಸದ ಮನೆಯನ್ನು ಪ್ರವಾಸಿಗರಿಗೆ ಕೊಡುವ ಮಿತಿ ವರ್ಷಕ್ಕೆ 120 ರಾತ್ರಿಯಿಂದ 90ಕ್ಕೆ ಇಳಿಯಿತು. ಆ ಮಿತಿಯ ಬಗ್ಗೆ ನನ್ನ ತಕರಾರಿಲ್ಲ. ಈ ಗುಡ್ಡದ ಮೇಲೆ ಹುಟ್ಟಿ ಬೆಳೆದವರಿಗೇ ಬಾಡಿಗೆಗೆ ಮನೆ ಸಿಗದಂತಾಗಿದೆ, ನಗರಪಾಲಿಕೆ ಮಾಡಿದ್ದು ಸರಿಯಾಗಿಯೇ ಇದೆ. ಆದರೆ ನಮ್ಮ ಮ್ಯಾನೇಜ್‌ಮೆಂಟ್ ಹೋದ ಆದಾಯವನ್ನು ತುಂಬಿಕೊಂಡದ್ದು ನಮ್ಮ ಗಂಟೆಗಳಲ್ಲಿ. ಮುಖಾಮುಖಿ ಚೆಕ್-ಇನ್ ಹೋಯಿತು. ಬೀದಿಯ ಕಂಬ, ಗ್ರಿಲ್‌ಗಳಿಗೆ ಕೀ ಪೆಟ್ಟಿಗೆ ಕಟ್ಟುವುದನ್ನು ನಗರ ನಿಷೇಧಿಸಿದ ಮೇಲೆ ಕೀಗಳು ಒಂದು ದಿನಸಿ ಅಂಗಡಿಗೆ ಹೋದವು. ಗೆಸ್ಟ್ ಅಲ್ಲಿಂದ ಕೀ ತಗೊಂಡು, ಬೀದಿ ಬಾಗಿಲು ತೆರೆಯಲು ಫೋನಿನಲ್ಲಿ ಬಂದ ಡಿಜಿಕೋಡ್ ನಂಬರ್ ಒತ್ತಿ, ತಾವೇ ಹತ್ತಿ ಹೋಗಬೇಕು.

ಹಾಗೆ ಹತ್ತಿ ಹೋದದ್ದು ಮೈಸೂರಿನ ಒಂದು ಕುಟುಂಬ. ಮಗ, ಸೊಸೆ, ಮೊಮ್ಮಕ್ಕಳು, ಜೊತೆಗೆ ವಯಸ್ಸಾದ ಅಮ್ಮ. ಐದನೇ ಮಹಡಿ. ನಾನು ಕನ್ನಡದವಳು ಎಂದು ಗೊತ್ತಾದ ಮೇಲೆ ಅಮ್ಮ ನನ್ನ ನಂಬರನ್ನು ತಮ್ಮ ಫೋನಿನಲ್ಲಿ ಮಗನಿಂದ ಹಾಕಿಸಿಕೊಂಡಿದ್ದರು. ಅದೊಂದು ಒಳ್ಳೆಯದಾಯಿತು.

ಅವತ್ತು ಉಳಿದವರೆಲ್ಲ ಲೂವ್ರ್‌ಗೆ ಹೋಗಿದ್ದರು. ಅಮ್ಮನಿಗೆ ಮಂಡಿ ನೋವು, ಮನೆಯಲ್ಲೇ ಉಳಿದಿದ್ದರು. ಮೈಸೂರಿನಲ್ಲಿರುವ ಮಗಳಿಗೆ ವೀಡಿಯೋ ಕಾಲ್‌ನಲ್ಲಿ ಸುರುಳಿ ಮೆಟ್ಟಿಲು ತೋರಿಸೋಣ ಎಂದು ಹೊರಗೆ ಬಂದಿದ್ದಾರೆ. ಅಡುಗೆಮನೆ ಕಿಟಕಿ ತೆರೆದಿತ್ತು. ಗಾಳಿ ಎಳೆದು ಬಾಗಿಲು ದಡ್ ಎಂದು ಬಿದ್ದಿದೆ.

ನಾನು ರ‍್ಯೂ ಕೊಲಾಂಕೂರ್‌ನ ಇನ್ನೊಂದು ಮನೆಯಲ್ಲಿ ಹಾಸಿಗೆಗೆ ಶೀಟ್ ಹಾಕುತ್ತಿದ್ದೆ.

"ಬಾಗಿಲು ಹಾಕ್ಕೊಂಬಿಡ್ತು ಕಣಮ್ಮಾ. ಮಗ ಫೋನ್ ತೆಗೀತಿಲ್ಲ."

"ಗಾಬರಿ ಆಗ್ಬೇಡಿ ಅಮ್ಮಾ, ಆಫೀಸಲ್ಲಿ ಇನ್ನೊಂದು ಕೀ ಇದೆ, ತಗೊಂಡು ಬರ್ತೀನಿ. ಮೆಟ್ಟಿಲ ಮೇಲೆ ಕೂತ್ಕೊಳ್ಳಿ."

ಇಂಥ ಫೋನು ನಮಗೆ ಹೊಸದಲ್ಲ. ಸ್ಪೇರ್ ಸೆಟ್ ಒಯ್ದರೆ ಮುಗಿಯಿತು ಎಂಬ ಲೆಕ್ಕದಲ್ಲೇ ನಾನು ಇಳಿಜಾರಿನಲ್ಲಿ ಆಫೀಸಿನ ಕಡೆ ಹೊರಟೆ. ಕೀ ತಗೊಂಡು ಗುಡ್ಡ ಹತ್ತುವಾಗ, ಅಮ್ಮ ಒಬ್ಬರೇ ಇದ್ದಾರಲ್ಲ ಎಂದು ಮತ್ತೆ ಫೋನ್ ಮಾಡಿದೆ. ಅವರ ಮಾತಿನ ಹಿಂದೆ ಒಂದು ಸದ್ದು ಕೇಳಿಸಿತು. ಕರ್ನಾಟಕದಲ್ಲಿ ಬೆಳೆದ ಯಾರಿಗೂ ಅದು ಏನೆಂದು ಹೇಳಿಕೊಡಬೇಕಾಗಿಲ್ಲ.

"ಅಮ್ಮಾ, ಕುಕ್ಕರ್ ಇಟ್ಟಿದ್ದೀರಾ?"

"ಬೇಳೆಗೆ ಇಟ್ಟಿದ್ದೆ. ಮೂರಕ್ಕೆ ಇಳಿಸ್ಬೇಕಿತ್ತು. ಇದು ಆರನೇದು."

ಅಲ್ಲಿಂದ ಆ ಬಾಗಿಲು ತಲುಪುವವರೆಗಿನ ದಾರಿ ನನಗೆ ಈಗಲೂ ಕಲ್ಲು ಕಲ್ಲಾಗಿ ನೆನಪಿದೆ. ಅಬೆಸ್ ಚೌಕದಲ್ಲಿ ಪ್ರವಾಸಿಗರ ಗುಂಪು ಸೀಳಿಕೊಂಡು ಓಡುತ್ತಿದ್ದೆ, ಕಿವಿಯಲ್ಲಿ ಅಮ್ಮ ಇದ್ದರು. ಮಧ್ಯೆ "ಲೈಟ್ ಹೋಯ್ತಮ್ಮಾ, ಏನೂ ಕಾಣ್ತಿಲ್ಲ" ಎಂದು ಹೆದರಿದರು. "ಗೋಡೆ ಮೇಲೆ ಚಿಕ್ಕದಾಗಿ ಹೊಳೀತಿರೋ ಬಟನ್ ಒತ್ತಿ, ಎದ್ದು ಇಳಿಯೋಕೆ ಹೋಗ್ಬೇಡಿ" ಎಂದೆ. ಆ ಕತ್ತಲಲ್ಲಿ ಅವರು ಮೆಟ್ಟಿಲು ತಪ್ಪಿದ್ದರೆ ಅನ್ನುವ ಯೋಚನೆಗೆ ಕುಕ್ಕರ್‌ಗಿಂತ ಹೆಚ್ಚು ಭಯವಾಯಿತು. ಓಡುತ್ತಲೇ ಸಹೋದ್ಯೋಗಿಗೆ ಮೆಸೇಜ್ ಹಾಕಿ ನಮ್ಮ ಪಟ್ಟಿಯಲ್ಲಿರುವ ಬೀಗದವರನ್ನು ಕಳಿಸಲು ಹೇಳಿದೆ.

ಮೇಲೆ ಹೋದಾಗ ಪಕ್ಕದ ಮನೆಯ ಫ್ರೆಂಚ್ ಅಜ್ಜಿ ಅಮ್ಮನಿಗೆ ಕುರ್ಚಿ ತಂದು ಹಾಕಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಗೊತ್ತಿಲ್ಲ, ಆದರೆ ಅಮ್ಮನ ಕೈ ಅವರ ಕೈಯಲ್ಲಿತ್ತು. ನಾನು ಕೀ ಹಾಕಿದೆ. ಅರ್ಧಕ್ಕೆ ನಿಂತಿತು. ತೆಗೆದು, ತಿರುಗಿಸಿ, ಮತ್ತೆ ಹಾಕಿದೆ. ಅಲ್ಲೇ ನಿಂತಿತು.

"ರಾತ್ರಿ ಬೀಗ ಹಾಕಿ ಕೀ ಅಲ್ಲೇ ಬಿಟ್ಟಿರ್ತೀವಿ, ಊರಲ್ಲೂ ಹಾಗೇ" ಎಂದರು ಅಮ್ಮ, ತಪ್ಪು ಮಾಡಿದವರ ದನಿಯಲ್ಲಿ. ಅವರದೇನು ತಪ್ಪು?

ಅಷ್ಟರಲ್ಲಿ ವಿಷಲ್ ನಿಂತಿತ್ತು. ಕೂಗುತ್ತಿದ್ದಾಗ ಇಲ್ಲದ ದಿಗಿಲು ಅದು ನಿಂತಾಗ ಹುಟ್ಟಿತು. ನೀರು ಬತ್ತಿದೆ, ಸೇಫ್ಟಿ ವಾಲ್ವ್ ಹೋಗಿದೆ, ಇನ್ನು ಸೀಯುವುದು. ಬಾಗಿಲ ಸಂದಿಯಿಂದ ಕಮಟು ವಾಸನೆ ಬರತೊಡಗಿತು. ಕಾಲ ಕೆಳಗಿನದು ಮರದ ಮೆಟ್ಟಿಲು. ನಾವು ಪಿಡಿಎಫ್‌ನಲ್ಲಿ ತೋರಿಸುವ ಬಾತೋ-ಲವ್ವಾರ್ 1970ರಲ್ಲಿ ಬೆಂಕಿ ಬಿದ್ದು, ಮುಂಭಾಗವೊಂದು ಬಿಟ್ಟು ಸುಟ್ಟುಹೋಯಿತು. ಈಗ ಅಲ್ಲಿರುವುದು 1978ರಲ್ಲಿ ಮತ್ತೆ ಕಟ್ಟಿದ್ದು. ನನ್ನ ತಲೆಯಲ್ಲಿ ಆಗ ಓಡುತ್ತಿದ್ದದ್ದು ಅದೇ. ಇಲ್ಲಿನ ಅಗ್ನಿಶಾಮಕದ ನಂಬರ್ 18ಕ್ಕೆ ಫೋನ್ ಮಾಡಿದೆ. ಬರೀ ಬಾಗಿಲು ಹಾಕಿಕೊಂಡುಬಿಟ್ಟಿತು ಎಂದರೆ ಅಗ್ನಿಶಾಮಕದವರು ಬರುವುದಿಲ್ಲ, ಒಲೆ ಉರಿಯುತ್ತಿದೆ ಎಂದರೆ ತಕ್ಷಣ ಹೊರಡುತ್ತಾರೆ.

ಕರೆಂಟ್ ತೆಗೆಯಿರಿ ಎಂದದ್ದು ಪಕ್ಕದ ಅಜ್ಜಿ. ಒಲೆ ಗ್ಯಾಸಿನದಲ್ಲ, ಗಾಜಿನ ಎಲೆಕ್ಟ್ರಿಕ್ ಒಲೆ. ಆ ಕಟ್ಟಡದಲ್ಲಿ ಮೀಟರ್ ಮತ್ತು ಬ್ರೇಕರ್ ಇರುವುದು ಹೊರಗೆ, ಮೆಟ್ಟಿಲ ಪಕ್ಕದ ಗೋಡೆ ಬೀರುವಿನಲ್ಲಿ. ಅಂಥ ಬೀರು ತೆರೆಯುವ ಚೌಕಾಕಾರದ ಕೀ ನನ್ನ ಟರ್ನೋವರ್ ಚೀಲದಲ್ಲಿ ಯಾವಾಗಲೂ ಇರುತ್ತದೆ. ತೆರೆದರೆ ಮೂರು ಮೀಟರ್, ಚೀಟಿಗಳಲ್ಲಿ ಎಂದೋ ಮನೆ ಬಿಟ್ಟುಹೋದವರ ಹೆಸರು. ಯಾವುದು ನಮ್ಮದು? ಲಿಂಕಿ ಎಂಬ ಇಲ್ಲಿನ ಕರೆಂಟ್ ಮೀಟರಿನಲ್ಲಿ ಒಂದು ಪುಟ್ಟ ದೀಪವಿದೆ, ಕರೆಂಟ್ ಹೆಚ್ಚು ಎಳೆದಷ್ಟೂ ಬೇಗ ಬೇಗ ಮಿನುಗುತ್ತದೆ. ಎರಡು ನಿಧಾನಕ್ಕೆ ಮಿನುಗುತ್ತಿದ್ದವು, ಒಂದು ಪಟಪಟನೆ. ಅದರ ಬ್ರೇಕರ್ ಕೆಳಕ್ಕೆಳೆದೆ. ಮಿನುಗು ನಿಂತಿತು.

ಅಗ್ನಿಶಾಮಕದವರೂ ಬೀಗದವರೂ ಹೆಚ್ಚುಕಮ್ಮಿ ಒಟ್ಟಿಗೇ ಮೇಲೆ ಬಂದರು. ಬಾಗಿಲು ಬರೀ ಬಡಿದುಕೊಂಡಿತ್ತು, ಕೀ ತಿರುಗಿಸಿ ಹಾಕಿದ್ದಲ್ಲ. ಹಾಗಾಗಿ ಬೀಗದವರು ಡ್ರಿಲ್ ಮುಟ್ಟಲಿಲ್ಲ. ಎಕ್ಸ್-ರೇ ಫಿಲ್ಮ್ ಒಂದನ್ನು ಸಂದಿಗೆ ತೂರಿಸಿ, ಬಾಗಿಲನ್ನು ಅಲ್ಲಾಡಿಸುತ್ತ ಬೀಗದ ನಾಲಗೆಯನ್ನು ಹಿಂದೆ ತಳ್ಳಿದರು. ಒಳಗೆ ಹೊಗೆ ಇತ್ತು, ಬೆಂಕಿ ಇರಲಿಲ್ಲ. ಬೇಳೆ ಇದ್ದಿಲಾಗಿತ್ತು. ಮೈಸೂರಿನಿಂದ ಹೊತ್ತು ತಂದ ಕುಕ್ಕರ್ ಹೋಯಿತು. ಕಿಟಕಿ ತೆರೆದಿದ್ದರಿಂದ ಗೋಡೆ ಉಳಿಯಿತು.

ಇದಾದ ಮೇಲೆ ಬಂದದ್ದು ಆ ಒಂದು ಸಾಲಿನ ಮೇಲ್. ನಾನು ಉದ್ದದ ಉತ್ತರ ಬರೆದೆ. ಚೆಕ್-ಇನ್ ತೆಗೆದದ್ದು ನೀವು, ಬಾಗಿಲಿನ ವಿಷಯವನ್ನು ಕೊನೇ ಪುಟಕ್ಕೆ ಹಾಕಿದ್ದು ನೀವು, ಒಳಗೆ ಕೀ ಇದ್ದರೂ ಹೊರಗಿನಿಂದ ತೆರೆಯುವ ಸಿಲಿಂಡರ್ ಹಾಕಿಸಿ ಎಂದು ನಮ್ಮ ತಂಡ ಕೇಳಿದಾಗ ಖರ್ಚು ಎಂದು ತಳ್ಳಿಹಾಕಿದ್ದೂ ನೀವು. ಹಿರಿಯ ಜೀವವೊಂದು ಕತ್ತಲ ಮೆಟ್ಟಿಲಲ್ಲಿ ಕೂತದ್ದಕ್ಕೆ ಅವರ ಮಗನಿಂದ ಹಣ ಕೀಳಲು ನನ್ನ ಕೈಯಲ್ಲಾಗುವುದಿಲ್ಲ. ಮಾಲೀಕರಿಗೂ ಪ್ರತಿ ಕಳಿಸಿದೆ. ಅವರು ಒಳ್ಳೆಯವರು, ಬಿಲ್ಲನ್ನು ಕಂಪನಿಯೇ ಕೊಡಬೇಕು ಎಂದು ಪಟ್ಟು ಹಿಡಿದರು. ಠೇವಣಿ ಪೂರ್ತಿ ವಾಪಸ್ ಹೋಯಿತು.

ಈಗ ಫೋನ್ ಬಂದರೆ ನಮ್ಮ ತಂಡದಲ್ಲಿ ಪ್ರಶ್ನೆಗಳ ಕ್ರಮ ಬದಲಾಗಿದೆ. ಮೊದಲು ಒಲೆ ಉರಿಯುತ್ತಿದೆಯಾ, ಒಳಗೆ ಮಕ್ಕಳಿದ್ದಾರಾ. ಆಮೇಲೆ ಕೀ ಬೀಗದಲ್ಲೇ ಇದೆಯಾ. ಇದ್ದರೆ ಆಫೀಸಿಗೆ ಓಡುವ ಮಾತೇ ಇಲ್ಲ, ನೇರ ಬೀಗದವರಿಗೆ ಫೋನ್. ಮೀಟರ್ ಬೀರುಗಳಲ್ಲಿ ಹೊಸ ಚೀಟಿ ಅಂಟಿಸಿದ್ದೇವೆ, ಐದನೇ ಮಹಡಿ ಎಡ, ಐದನೇ ಮಹಡಿ ಬಲ ಅಂತ. ನಾನಂತೂ ಚೆಕ್-ಇನ್‌ಗೆ ಹೋಗೇ ಹೋಗುತ್ತೇನೆ, ಆ ಗಂಟೆಗೆ ಸಂಬಳ ಇಲ್ಲದಿದ್ದರೂ. ಗೆಸ್ಟ್‌ರನ್ನು ಹೊರಗೆ ನಿಲ್ಲಿಸಿ, ಬಾಗಿಲು ಎಳೆದು, ತೆರೆಯಲು ಹೇಳುತ್ತೇನೆ. ಪಿಕಾಸೋ ಬಗ್ಗೆ ಕೇಳಿದರೆ ಆಮೇಲೆ ಹೇಳುತ್ತೇನೆ, ಖುಷಿಯಿಂದಲೇ.

ಆ ಮನೆಯ ಸಿಲಿಂಡರ್ ಬದಲಾಯಿತು, ಅದೂ ಮಾಲೀಕರು ಸ್ವಂತ ದುಡ್ಡು ಹಾಕಿದ್ದಕ್ಕೆ. ಉಳಿದ ಮನೆಗಳದ್ದು ಬಜೆಟ್‌ಗೆ ಕಾಯುತ್ತಿದೆಯಂತೆ. ಮುಂದಿನ ಮೀಟಿಂಗ್‌ನಲ್ಲಿ ಅದನ್ನೇ ಮೊದಲ ವಿಷಯವಾಗಿ ಇಡಬೇಕು ಎಂದು ತಂಡದ ಎಲ್ಲರೂ ಸಹಿ ಹಾಕಿ ಕಳಿಸಿದ್ದೇವೆ.