ಮೆಟ್ರೋ ನಕ್ಷೆಗೆ ಕನ್ನಡ: ಮೂರನೆಯ ಹಾಳೆ, ಮೆಕ್ಸಿಕೋ ಸಿಟಿ

ಹೊಸಬರಿಗೆ ಎರಡು ಮಾತು. ಜಗತ್ತಿನ ದೊಡ್ಡ ಮೆಟ್ರೋಗಳ ನಕ್ಷೆಯನ್ನು ಕನ್ನಡ ಅಕ್ಷರದಲ್ಲಿ ಬಿಡಿಸಿ, ಎ2 ಹಾಳೆಗೆ ಮುದ್ರಿಸಿ ಮನೆಯ ಗೋಡೆಗೆ ಅಂಟಿಸುವ ಹುಚ್ಚು ಇದು. ಕಂಪ್ಯೂಟರ್‌ನಲ್ಲಿ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ, ನೋಟೋ ಫಾಂಟು, ಭಾನುವಾರದ ಮಧ್ಯಾಹ್ನಗಳು, ಬಂಡವಾಳ ಅಷ್ಟೇ. ಲಂಡನ್ ಮುಗಿದಿದೆ. ಮಾಸ್ಕೋ ಮುಗಿದಿದೆ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ.

ಹಿಂದಿನ ಎರಡು ಹಾಳೆಗಳಿಂದ ಕಲಿತದ್ದು

ಲಂಡನ್ನಿನ ನಕ್ಷೆಯನ್ನು ಈಗಿನ ರೂಪಕ್ಕೆ ತಂದವನು ಹ್ಯಾರಿ ಬೆಕ್ ಎಂಬ ನಕ್ಷೆಗಾರ. 1931ರಲ್ಲಿ ಬಿಡಿಸಿದ, 1933ರಲ್ಲಿ ಅಚ್ಚಾಯಿತು. ನೆಲದ ಮೇಲಿನ ದೂರವನ್ನೆಲ್ಲ ಮರೆತು, ಗೆರೆಗಳನ್ನು ಅಡ್ಡ, ಉದ್ದ, 45 ಡಿಗ್ರಿ ಓರೆ, ಇಷ್ಟಕ್ಕೇ ಕಟ್ಟಿಹಾಕಿದ. ಸುರಂಗದೊಳಗೆ ಕೂತವನಿಗೆ ಮುಂದಿನ ನಿಲ್ದಾಣ ಯಾವುದು, ಎಲ್ಲಿ ಬದಲಾಯಿಸಬೇಕು ಎಂಬುದಷ್ಟೇ ಬೇಕು ಎಂಬುದು ಅವನ ಲೆಕ್ಕ. ಗೆರೆ ಎಳೆಯುವುದು ಸುಲಭವಾಯಿತು, ಹೆಸರು ಬರೆಯಲು ಹೋದಾಗಲೇ ತೊಂದರೆ. ನಮ್ಮ ಒತ್ತಕ್ಷರಗಳು ಕೆಳಕ್ಕೆ ಜೋತುಬೀಳುತ್ತವೆ. ‘ಬ್ಲ್ಯಾಕ್‌ಫ್ರಯರ್ಸ್’ ಅಂತ ಬರೆದರೆ ಬಕಾರದ ಲವತ್ತು, ಯವತ್ತು ಎರಡೂ ಕೆಳಗಿನ ಹಳದಿ ಗೆರೆಯ ಮೇಲೆ ಬಂದು ಕೂರುತ್ತವೆ. ಅಕ್ಷರ ಓರೆ ಮಾಡಿದರೆ ಇನ್ನೂ ಅಧ್ವಾನ. ಕೊನೆಗೆ ಹೆಸರಿಗೂ ಗೆರೆಗೂ ನಡುವಿನ ಜಾಗವನ್ನು ಒಂದೂವರೆ ಪಟ್ಟು ಮಾಡಿ ಪೂರಾ ನಕ್ಷೆಯನ್ನೇ ಹಿಗ್ಗಿಸಿದೆ. ಒಂದು ಲಾಭವೂ ಆಯಿತು: ಕನ್ನಡದಲ್ಲಿ ಉಚ್ಚಾರದಂತೆ ಬರೆಯುತ್ತೇವಲ್ಲ, ‘ಲೆಸ್ಟರ್ ಸ್ಕ್ವೇರ್’ ನೋಡಿದ ಯಾರೂ ಇನ್ನು ‘ಲೈಸೆಸ್ಟರ್’ ಅನ್ನುವ ಹಾಗಿಲ್ಲ.

ಮಾಸ್ಕೋದಲ್ಲಿ ಬೇರೆ ಬಗೆಯ ತಲೆನೋವು. ಒಂದೇ ಕೂಡುನಿಲ್ದಾಣಕ್ಕೆ ಮಾರ್ಗಕ್ಕೊಂದು ಹೆಸರು. ಲೆನಿನ್ ಗ್ರಂಥಾಲಯದ ಹತ್ತಿರ ನಾಲ್ಕು ಮಾರ್ಗ ಸೇರುತ್ತವೆ, ಹೆಸರೂ ನಾಲ್ಕು. ಸಾಲದ್ದಕ್ಕೆ ‘ಅರ್ಬಾತ್ಸ್ಕಾಯಾ’ ಎಂಬ ಹೆಸರಿನ ಎರಡು ನಿಲ್ದಾಣಗಳು ಎರಡು ಬೇರೆ ಮಾರ್ಗಗಳಲ್ಲಿವೆ, ಒಳಗಿಂದೊಳಗೆ ನೇರ ದಾರಿಯಿಲ್ಲ. ನಾನು ಅವೆರಡನ್ನೂ ಕೂಡಿಸಿ ಒಂದೇ ಚುಕ್ಕೆ ಇಟ್ಟು, ಮುದ್ರಿಸಿ, ಅಂಟಿಸಿ, ಆಮೇಲೆ ನೋಡಿಕೊಂಡೆ. ಈಗ ಅಲ್ಲೊಂದು ಬಿಳಿ ಸ್ಟಿಕ್ಕರ್ ಇದೆ.

ಫೆಬ್ರವರಿ, ಮೆಕ್ಸಿಕೋ ಶುರು

12 ಮಾರ್ಗ, ಕೂಡುನಿಲ್ದಾಣಗಳನ್ನು ಮಾರ್ಗಕ್ಕೊಂದರಂತೆ ಎಣಿಸಿದರೆ 195 ನಿಲ್ದಾಣ. ಮೊದಲ ಮಾರ್ಗ ತೆರೆದದ್ದು 1969ರ ಸೆಪ್ಟೆಂಬರ್ 4ರಂದು, ಸಾರಾಗೋಸಾದಿಂದ ಚಾಪುಲ್ತೆಪೆಕ್‌ವರೆಗೆ. ಪ್ಯಾರಿಸ್‌ನಿಂದ ಬಂದ ವಿದ್ಯೆ, ಹಾಗಾಗಿ ಹೆಚ್ಚಿನ ಮಾರ್ಗಗಳಲ್ಲಿ ರೈಲು ಓಡುವುದು ರಬ್ಬರ್ ಟೈರಿನ ಮೇಲೆ.

ಎರಡು ವಾರ ಹೆಸರುಗಳ ಜೊತೆಯೇ ಗುದ್ದಾಟ. ‘ಎಕ್ಸ್’ ಅಕ್ಷರ ದೇಶದ ಹೆಸರಿನಲ್ಲಿ ಹಕಾರ (ಅಲ್ಲಿಯವರ ಬಾಯಲ್ಲಿ ಅದು ಮೆಹಿಕೊ), ಶೋಲಾ ನಿಲ್ದಾಣದಲ್ಲಿ ಶಕಾರ, ಮಿಸ್ಕೋವಾಕ್‌ನಲ್ಲಿ ಸಕಾರ. ಇನ್ನೊಂದು ನಿಲ್ದಾಣದ ಹೆಸರಿನಲ್ಲಿ (Coyoacán) ಕೊಯೊ ಮುಗಿದು ಆಕಾನ್ ಬರುವಲ್ಲಿ ಏನು ಬರೆಯಲಿ ಅಂತ ಅರ್ಧ ದಿನ ಕೂತಿದ್ದೆ. ಹೈಸ್ಕೂಲಿನ ಕನ್ನಡ ಮೇಷ್ಟ್ರು ನೆನಪಾದರು. ವಕಾರಾಗಮ ಸಂಧಿ! ‘ಕೊಯೊವಾಕಾನ್’. ಮೇಷ್ಟ್ರಿಗೆ ಇದು ಗೊತ್ತಾದರೆ ಏನನ್ನುತ್ತಿದ್ದರೋ.

ಮಾರ್ಚ್ ಮೊದಲ ವಾರ

ಇಷ್ಟೆಲ್ಲ ಆದಮೇಲೆ ಚಿತ್ರಗಳ ಕಡೆ ಕಣ್ಣು ಹೊರಳಿತು. ಮೆಕ್ಸಿಕೋದಲ್ಲಿ ಪ್ರತಿ ನಿಲ್ದಾಣಕ್ಕೂ ಒಂದು ಚಿತ್ರವಿದೆ. 1968ರ ಒಲಿಂಪಿಕ್ಸ್‌ನ ಲಾಂಛನ ಮಾಡಿದ ಲ್ಯಾನ್ಸ್ ವೈಮನ್ ತಂಡ ಇದನ್ನು ಶುರುಮಾಡಿತು. ಆಗ ಆ ಊರಿನಲ್ಲಿ ಓದಲು ಬಾರದವರು ಬಹಳ, ಅವರೂ ರೈಲು ಹತ್ತಬೇಕಲ್ಲ. ಮೂಲೆ ದುಂಡಾದ ಚೌಕ, ಹಿನ್ನೆಲೆಗೆ ಮಾರ್ಗದ ಬಣ್ಣ, ಒಳಗೆ ಬಿಳಿ ಆಕೃತಿ. ಚಾಪುಲ್ತೆಪೆಕ್‌ಗೆ ಮಿಡತೆ, ಯಾಕೆಂದರೆ ಅಲ್ಲಿನ ಮೂಲನಿವಾಸಿಗಳ ನವಾತ್ಲ್ ಭಾಷೆಯಲ್ಲಿ ಆ ಹೆಸರಿನ ಅರ್ಥವೇ ಮಿಡತೆ ಗುಡ್ಡ. ಕೊಯೊವಾಕಾನ್‌ಗೆ ಕೊಯೋಟಿ ಎಂಬ ನರಿಯಂಥ ಪ್ರಾಣಿ. ಕಾಂದೆಲಾರಿಯಾಗೆ ಬಾತುಕೋಳಿ. ಮೆರ್ಸೆದ್‌ನಲ್ಲಿ ದೊಡ್ಡ ಮಾರುಕಟ್ಟೆ, ಅದಕ್ಕೆ ಹಣ್ಣಿನ ಪೆಟ್ಟಿಗೆ. ಪಿನೊ ಸುವಾರೆಸ್‌ನ ಚಿತ್ರ ನನಗೆ ಎಲ್ಲಕ್ಕಿಂತ ಇಷ್ಟ: ಸುರಂಗ ತೋಡುವಾಗ ಅಲ್ಲಿ ಗಾಳಿದೇವರು ಎಹೆಕಾತ್ಲ್‌ನ ಪುಟ್ಟ ದುಂಡು ಗುಡಿ ಸಿಕ್ಕಿತು, ಗುಡಿಯನ್ನು ಅಲ್ಲೇ ಉಳಿಸಿಕೊಂಡರು. ಇವತ್ತಿಗೂ ಮಾರ್ಗ ಬದಲಾಯಿಸುವ ಜನ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ.

ಸರಿ, ಚಿತ್ರಗಳನ್ನೂ ಬಿಡಿಸಬೇಕು ಅಂತಾಯಿತು. ಒಂದೊಂದಕ್ಕೆ ಇಪ್ಪತ್ತು ನಿಮಿಷ. ಕೂಡುನಿಲ್ದಾಣವಾದರೆ ಹಿನ್ನೆಲೆಯನ್ನು ಮಾರ್ಗಗಳ ಬಣ್ಣದಲ್ಲಿ ಓರೆಯಾಗಿ ಸೀಳಬೇಕು. ನಾಲ್ಕು ಮಾರ್ಗ ಸೇರುವ ಪಾಂತಿತ್ಲಾನ್‌ನ ಬಾವುಟಗಳು ಒಂದು ಸಂಜೆ ನುಂಗಿದವು.

ಮಾರ್ಚ್ ಮೂರನೆಯ ವಾರ

ಪರೀಕ್ಷೆಗೆ ಒಂದು ಪ್ರತಿ ತೆಗೆಸಿದೆ. ಪ್ರಿಂಟಿಂಗ್ ಅಂಗಡಿಯ ಕಂಪ್ಯೂಟರ್‌ನಲ್ಲಿ ನೋಟೋ ಫಾಂಟ್ ಇರಲಿಲ್ಲ. ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ, ಹೆಸರುಗಳು ಹಲ್ಲು ಉದುರಿದ ಬಾಯಿಯ ಹಾಗೆ ಬಂದವು. ತಪ್ಪು ನನ್ನದೇ. ಅಕ್ಷರವನ್ನು ಆಕೃತಿಯಾಗಿ ಬದಲಾಯಿಸಿ ಕೊಡಬೇಕು ಅಂತ ಲಂಡನ್ ಹಾಳೆಯಲ್ಲೇ ಕಲಿತಿದ್ದೆ, ಮರೆತಿದ್ದೆ. ಚಿತ್ರಗಳು ಮಾತ್ರ ಚೊಕ್ಕವಾಗಿ ಬಂದಿದ್ದವು.

ಆ ಹಾಳು ಪ್ರತಿಯನ್ನೇ ಟೇಬಲ್ ಮೇಲೆ ಹರಡಿಕೊಂಡು ಕೂತಿದ್ದಾಗ ಊರಿಂದ ಬಂದಿದ್ದ ದೊಡ್ಡಮ್ಮ ಬಗ್ಗಿ ನೋಡಿದರು. ದೊಡ್ಡಮ್ಮ ಶಾಲೆಗೆ ಹೋದವರಲ್ಲ.

“ಇದೇನೇ ಇದು, ಮಿಡತೆ?”

ಸ್ಟೇಷನ್ನು ದೊಡ್ಡಮ್ಮ, ಅಂದೆ. ಮಿಡತೆಯಿಂದ ಈ ಕೆಳಗಿನ ನರಿಗೆ ಹೋಗಬೇಕು, ಹೇಗೆ ಹೋಗ್ತೀರಿ? (ಕೊಯೋಟಿ ಅಂತ ವಿವರಿಸುವಷ್ಟು ಪುರಸೊತ್ತು ನನಗಿರಲಿಲ್ಲ.)

ಬೆರಳು ಗುಲಾಬಿ ಗೆರೆಯ ಮೇಲೆ ಹೊರಟಿತು. ಕಮಾನು, ಗಂಟೆ, ಹದ್ದು, ಫಿರಂಗಿ. ಫಿರಂಗಿಯ ಹತ್ತಿರ ನಿಂತಿತು. “ಇಲ್ಲಿ ಎರಡು ಬಣ್ಣ ಐತೆ. ಇದು ಇವರ ಮೆಜೆಸ್ಟಿಕ್ಕು.” ಅಲ್ಲಿಂದ ಹಸಿರು ಗೆರೆ ಹಿಡಿದು ಟೋಪಿ, ಆಸ್ಪತ್ರೆ, ಹಾವು ಸುತ್ತಿದ ಕೋಲು, ಸಿಂಹ, ಕೊಕ್ಕರೆ, ಕುದುರೆ ಸವಾರ, ದೊಡ್ಡ ಟೋಪಿಯ ಮನುಷ್ಯ, ನರಿ. ಒಟ್ಟು 12 ನಿಲ್ದಾಣ, ಒಂದೇ ಬದಲಾವಣೆ.

ನಾನು ಜಾಣತನ ತೋರಿಸಿದೆ: ಪಶ್ಚಿಮಕ್ಕೆ ತಾಕುಬಾಯಾಗೆ ಹೋಗಿ ಕಂದು ಮಾರ್ಗ ಹಿಡಿದರೆ ಹತ್ತೇ ನಿಲ್ದಾಣ ದೊಡ್ಡಮ್ಮ, ಎರಡು ಕಡೆ ಬದಲಾಯಿಸಬೇಕು ಅಷ್ಟೆ.

“ಎರಡು ಸಲ ಮೆಟ್ಟಿಲು ಹತ್ತಿಳಿಯೋರು ಯಾರು, ನಿಮ್ಮಪ್ಪನಾ?”

ಏಪ್ರಿಲ್, ಸದ್ಯದ ಸ್ಥಿತಿ

ಹೆಸರುಗಳ ಗಾತ್ರ ಅರ್ಧ ಇಳಿಸಿದೆ, ಚಿತ್ರಗಳ ಗಾತ್ರ ಒಂದೂವರೆ ಪಟ್ಟು ಏರಿಸಿದೆ. ಒತ್ತಕ್ಷರ ಗೆರೆಗೆ ತಾಗುವ ಜಗಳ ಇದರಲ್ಲೇ ಮುಕ್ಕಾಲು ತೀರಿತು. 1ರಿಂದ 9ರವರೆಗಿನ ಮಾರ್ಗಗಳು ಮುಗಿದಿವೆ. ಎ, ಬಿ, 12 ಬಾಕಿ. ಬಣ್ಣದಲ್ಲಿ 1ನೇ ಮಾರ್ಗದ ಗುಲಾಬಿ ಇನ್ನೂ ಸರಿಬಂದಿಲ್ಲ, ಪರದೆಯ ಮೇಲೆ ಕಣ್ಣು ಕುಕ್ಕುವ ಬಣ್ಣ ಕಾಗದದ ಮೇಲೆ ಬೀಟ್ರೂಟ್ ಪಲ್ಯದಂತೆ ಇಳಿಯುತ್ತದೆ. ಮುಂದಿನ ವಾರ ಮೂರು ಬಗೆಯ ಗುಲಾಬಿ ಪಟ್ಟಿಗಳನ್ನು ಒಂದೇ ಹಾಳೆಯಲ್ಲಿ ತೆಗೆಸಿ ನೋಡಬೇಕು.

ದೊಡ್ಡಮ್ಮ ಊರಿಗೆ ವಾಪಸ್ ಹೋದರು. ಹೋಗುವಾಗ ನಮ್ಮ ಮೆಜೆಸ್ಟಿಕ್‌ಗೆ ಏನು ಚಿತ್ರ ಬರೀತೀಯ ಅಂತ ಕೇಳಿದರು. ಬಸ್ಸು ಅಂದೆ. ಬಸ್ಸು ಎಲ್ಲಾ ಕಡೆ ಇರ್ತದೆ, ಬೇರೆ ಯೋಚನೆ ಮಾಡು ಅಂದರು.